ನೆರಳಿನ ಲೇಖನ ವಾಪಸ್ ಕಳಿಸುತ್ತಿದ್ದೇನೆ, ತಿದ್ದಿ ಕೊಡಿ

ನಮಸ್ಕಾರ,

‘ನೆರಳೆಂಬ ವಿಸ್ಮಯ’ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಒಂದು ಸಾಲು ಬರೆದು ಸುಮ್ನೆ ವಾಪಸ್ ಕಳಿಸಬಹುದಿತ್ತು, ಆದರೆ ಮೂರನೇ ಪುಟದಲ್ಲಿ ಒಳ್ಳೆ ವಿಷಯ ಒಂದಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪು. “ದಿನಾ ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಆಗ ನೆರಳು ಮಾಯ” ಅಂದಿದ್ದೀರಿ. ದಿನಾ ಬರುವುದಿಲ್ಲ, 12ಕ್ಕೂ ಬರುವುದಿಲ್ಲ. ನೀವಿರುವ ಬೆಂಗಳೂರಿನಲ್ಲಿ ಸೂರ್ಯ ನಟ್ಟನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಏಪ್ರಿಲ್‌ನಲ್ಲಿ ಆಗ ಗಡಿಯಾರ 12.17 ತೋರಿಸುತ್ತಿರುತ್ತದೆ. ಯಾಕೆಂದರೆ ಭಾರತದ ಗಡಿಯಾರವೆಲ್ಲ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ ಓಡುತ್ತದೆ, ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ. ಮಂಗಳೂರಿಗೂ ಅದೇ ದಿನ, ಆದರೆ ಇನ್ನೂ 11 ನಿಮಿಷ ತಡ. ಹುಬ್ಬಳ್ಳಿಯವರು ಮೇ ಮೊದಲ ವಾರದ ತನಕ, ಬೀದರಿನವರು ಎರಡನೇ ವಾರದ ತನಕ ಕಾಯಬೇಕು. ದಿಲ್ಲಿಗಂತೂ ಆ ಭಾಗ್ಯವೇ ಇಲ್ಲ.

ಈಗ ಮೂರನೇ ಪುಟ. “ಅಜ್ಜಿ ಮನೆಯ ಉತ್ತರದ ಕಿಟಕಿಗೆ ಬೇಸಿಗೆ ರಜೆಯಲ್ಲಿ ಮಾತ್ರ ಬಿಸಿಲು ಬರುತ್ತಿತ್ತು” ಅಂತ ಬರೆದು ಮುಂದಕ್ಕೆ ಓಡಿಬಿಟ್ಟಿದ್ದೀರಲ್ಲ, ಲೇಖನ ಇರುವುದೇ ಅಲ್ಲಿ! ಯಾಕೆ ಬರುತ್ತಿತ್ತು ಅಂತ ಕೇಳಿ. ಭೂಮಿ ಸುಮಾರು 23.5 ಡಿಗ್ರಿ ವಾಲಿಕೊಂಡು ಸುತ್ತುತ್ತದೆ, ಹಾಗಾಗಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಜೂನ್ 21ರ ಮಧ್ಯಾಹ್ನ ಬೆಂಗಳೂರಿನಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿದರೆ ಸುಮಾರು 18 ಸೆಂ.ಮೀ. ನೆರಳು, ಅದೂ ದಕ್ಷಿಣಕ್ಕೆ. ಡಿಸೆಂಬರ್ 21ಕ್ಕೆ 74 ಸೆಂ.ಮೀ., ಉತ್ತರಕ್ಕೆ. ಇಲ್ಲೇ ಹುಟ್ಟಿ ಬೆಳೆದವರಲ್ಲೂ ಇದನ್ನು ಗಮನಿಸಿದವರು ಕಡಿಮೆ.

ಗವಿಗಂಗಾಧರೇಶ್ವರ ದೇವಸ್ಥಾನದ ವಿಷಯ ಇರಲಿ, ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಲಿಂಗದ ಮೇಲೆ ಬಿಸಿಲು ಬೀಳುವುದು ಚೆನ್ನಾಗಿಯೇ ಬಂದಿದೆ. ಆದರೆ ಸೂರ್ಯ ನವೆಂಬರ್ ಕೊನೆಯಲ್ಲೂ ಅದೇ ಜಾಗದಲ್ಲಿ ಮುಳುಗುತ್ತಾನೆ ಅನ್ನುವುದನ್ನೂ ಸೇರಿಸಿ. ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ವಾಪಸ್ ಬರುವಾಗ ಒಮ್ಮೆ, ನೆತ್ತಿಯ ಲೆಕ್ಕವೂ ಇದೇ ಅಲ್ವಾ? “ವಿದೇಶಿಯರಿಗೆ ಇದ್ಯಾವುದೂ ಗೊತ್ತಿರಲಿಲ್ಲ” ಅನ್ನುವ ಪ್ಯಾರಾ ಮಾತ್ರ ತೆಗೆಯಿರಿ. ಗೊತ್ತಿತ್ತು.

“ಅನಾದಿ ಕಾಲದಿಂದಲೂ ಮಾನವನು” ಅಂತ ಶುರುವಾಗುವ ಮೊದಲ ಪುಟ ಪೂರ್ತಿ ಬೇಡ. ‘ವಿಸ್ಮಯ’ ತುಂಬಾ ಜಾಸ್ತಿಯಾಗಿದೆ, ಓದುವವರಿಗೆ ವಿಸ್ಮಯ ಆಗಬೇಕೇ ಹೊರತು ನೀವು ಹೇಳಿಕೊಂಡರೆ ಆಗುವುದಿಲ್ಲ.

ಇನ್ನೊಂದು. ಬರೆಯುವ ಮೊದಲು ತಾರಸಿಗೆ ಹೋಗಿ ಒಂದು ತುಂಡು ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ 12ರಿಂದ 12.45ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ. ಅತಿ ಗಿಡ್ಡ ನೆರಳು ಎಷ್ಟು ಗಂಟೆಗೆ ಬಂತು ಅಂತ ಲೇಖನದಲ್ಲೇ ಬರೆಯಿರಿ.

ಎಂಟುನೂರು ಪದ ಸಾಕು. ಜುಲೈ ಕೊನೆಯೊಳಗೆ ಕೈಗೆ ಬಂದರೆ ಆಗಸ್ಟ್ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.