ದಿನಾ ಒಂದು ಗಂಟೆ ವಾಕ್ ಮಾಡಿದ್ರೂ ತೂಕ ಯಾಕೆ ಇಳೀತಿಲ್ಲ? ಡಯಟ್ ಮುಖ್ಯನಾ, ವ್ಯಾಯಾಮ ಮುಖ್ಯನಾ?

ನೀವು ಕೇಳಿರೋದು ಇಷ್ಟು: ವಯಸ್ಸು ನಲವತ್ತರ ಹತ್ರ, ತೂಕ 78 ಕೆಜಿ, ಮೂರು ತಿಂಗಳಿಂದ ಬೆಳಿಗ್ಗೆ ಪಾರ್ಕಲ್ಲಿ ಒಂದು ಗಂಟೆ ವಾಕ್ ಮಾಡ್ತಿದೀರ, ಊಟ ಮೊದಲಿನ ಹಾಗೇ ಇದೆ, ತೂಕದ ಮುಳ್ಳು ಅಲ್ಲಾಡ್ತಿಲ್ಲ, ಈಗ ಜಿಮ್‌ಗೆ ದುಡ್ಡು ಕಟ್ಟೋದಾ ಇಲ್ಲ ಅನ್ನ ಬಿಡೋದಾ ಅಂತ. ನೇರವಾಗಿ ಹೇಳ್ಬಿಡ್ತೀನಿ, ತೂಕ ಇಳಿಯೋದು ಬಹುಪಾಲು ಅಡುಗೆಮನೇಲಿ. ವಾಕ್ ಬಿಡಬೇಡಿ, ಆದ್ರೆ ಅದರ ಕೆಲಸ ಬೇರೆ, ಅದಕ್ಕೆ ಆಮೇಲೆ ಬರ್ತೀನಿ.

ನಾನು ಡಾಕ್ಟರೂ ಅಲ್ಲ ಡಯಟೀಶಿಯನ್ನೂ ಅಲ್ಲ, ಮೈಸೂರಲ್ಲಿ ಒಂದು ಸಣ್ಣ ಮೆಸ್ ನಡೆಸ್ತೀನಿ. ಹಾಗಾಗಿ ಯಾವುದಕ್ಕೆ ಎಷ್ಟು ಎಣ್ಣೆ ಬೀಳುತ್ತೆ, ಒಬ್ಬೊಬ್ರು ಎಷ್ಟು ಅನ್ನ ಹಾಕಿಸ್ಕೋತಾರೆ ಅನ್ನೋದು ನನಗೆ ದಿನಸಿ ಬಿಲ್ಲಲ್ಲೇ ಗೊತ್ತಾಗುತ್ತೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ಬೆವರು ಸುರಿಸ್ಕೊಂಡು ನಡೆಯೋರಲ್ಲಿ ಎಷ್ಟೋ ಜನ ನಮ್ಮ ಗಿರಾಕಿಗಳೇ, ಅಲ್ಲಿಂದ ಸೀದಾ ಬಂದು ತಿಂಡಿಗೆ ಕೂರ್ತಾರೆ.

ಮೊದಲು ನಿಮ್ಮ ವಾಕಿನ ಲೆಕ್ಕ ನೋಡೋಣ. 78 ಕೆಜಿ ಇರೋರು ಗಂಟೆಗೆ 5 ಕಿಲೋಮೀಟರ್ ಸ್ಪೀಡಲ್ಲಿ ಒಂದು ಗಂಟೆ ನಡೆದ್ರೆ ಹೆಚ್ಚುಕಮ್ಮಿ 270 ಕ್ಯಾಲೊರಿ ಖರ್ಚು. ಅದ್ರಲ್ಲಿ ಒಂದು 75-80 ನೀವು ಸೋಫಾ ಮೇಲೆ ಕೂತು ಪೇಪರ್ ಓದ್ತಿದ್ರೂ ಖರ್ಚಾಗ್ತಾ ಇತ್ತು, ಉಸಿರಾಡೋಕೆ, ಹೃದಯ ಬಡಿಯೋಕೆ, ಮೈ ಬಿಸಿ ಇಟ್ಕೊಳ್ಳೋಕೆ. ಅಂದ್ರೆ ವಾಕಿಂದ ಸಿಕ್ಕ ನಿಜವಾದ ಲಾಭ 190-200 ಅಷ್ಟೇ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ ಅಂತ ಲೆಕ್ಕ ಇಟ್ಕೊಂಡಿದಾರೆ, ಸೋ ಒಂದು ದಿನಾನೂ ತಪ್ಪಿಸ್ದೆ ನಡೆದ್ರೆ ತಿಂಗಳಿಗೆ ಮುಕ್ಕಾಲು ಕೆಜಿ ಇಳೀಬೇಕು, ಅದೂ ಊಟ ಒಂದು ತುತ್ತೂ ಜಾಸ್ತಿ ಆಗಿಲ್ಲ ಅಂದ್ರೆ, ಮಿಕ್ಕ ಹೊತ್ತಲ್ಲಿ ನೀವು ಮೊದಲಿನಷ್ಟೇ ಓಡಾಡಿಕೊಂಡಿದ್ರೆ. ಅಲ್ಲೇ ಇರೋದು ಕಥೆ. ಬೆಳಿಗ್ಗೆ ವಾಕ್ ಆಯ್ತಲ್ಲ ಅಂತ ಆಫೀಸಲ್ಲಿ ಲಿಫ್ಟ್ ಹತ್ತೋದು, ಸಾಯಂಕಾಲ ಅಂಗಡಿಗೆ ಸ್ಕೂಟರ್ ತಗೊಂಡು ಹೋಗೋದು, ಇದೆಲ್ಲ ನಮಗೆ ಗೊತ್ತಾಗೋದೇ ಇಲ್ಲ.

ಈಗ ನಮ್ಮ ಮೆಸ್ಸಿನ ಚಿತ್ರಾನ್ನದ ಕಡೆ ಬನ್ನಿ. ಒಂದು ಕೆಜಿ ಅಕ್ಕಿಗೆ 150 ಎಂಎಲ್ ಎಣ್ಣೆ, 100 ಗ್ರಾಂ ಕಡ್ಲೆಬೀಜ, ಮಿಕ್ಕಿದ್ದು ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆಹಣ್ಣು, ಅವುಗಳ ಲೆಕ್ಕ ಬಿಟ್ಟಾಕಿ. ಎಣ್ಣೆ ಇದಕ್ಕಿಂತ ಕಮ್ಮಿ ಹಾಕಿದ್ರೆ ಅನ್ನ ಮುದ್ದೆಮುದ್ದೆ ಅಂಟ್ಕೊಳುತ್ತೆ, ಹತ್ತು ಗಂಟೆಗೆ ಬರೋ ಗಿರಾಕಿ 'ಇದೇನು ಒಣಗೋಗಿದೆ' ಅಂತ ಮುಖ ಕಿವಿಚ್ತಾನೆ, ಹಾಗಾಗಿ ಹಾಕ್ಲೇಬೇಕು. ಇದು ಎಂಟು ಪ್ಲೇಟ್ ಆಗುತ್ತೆ. ಒಂದು ಪ್ಲೇಟಿಗೆ ಅಕ್ಕಿಯಿಂದ 440, ಎಣ್ಣೆಯಿಂದ 150, ಕಡ್ಲೆಬೀಜದಿಂದ 70, ಒಟ್ಟು 650 ದಾಟ್ತು. ನೀವು ಮೂರು ಗಂಟೆ ನಡೆದ್ರೂ ಇದು ಕರಗಲ್ಲ. ಜೊತೆಗೆ ಒಂದು ವಡೆ, ಒಂದು ಕಾಫಿ ಇದ್ದೇ ಇರುತ್ತೆ. ತಿನ್ನಬೇಡಿ ಅಂತಲ್ಲ (ತಿನ್ನಬೇಡಿ ಅಂದ್ರೆ ನನ್ನ ವ್ಯಾಪಾರದ ಗತಿ ಏನು), ಆದ್ರೆ ಹತ್ತು ನಿಮಿಷದಲ್ಲಿ ಒಳಗೆ ಹೋಗಿದ್ದನ್ನ ಹೊರಗೆ ಹಾಕೋಕೆ ಎಷ್ಟೊತ್ತು ಬೇಕು ಅಂತ ಗೊತ್ತಿರಲಿ.

ಮನೆ ಅಡುಗೆ ಅಂದ್ರೆ ಎಣ್ಣೆ ಕಮ್ಮಿ ಅಂತ ಎಲ್ರೂ ಅನ್ಕೊಂಡಿದಾರೆ. ನಾನು ಯಾರಾದ್ರೂ ತೂಕದ ವಿಷಯ ತೆಗೆದ್ರೆ ಕೇಳೋದು ಒಂದೇ ಪ್ರಶ್ನೆ, ತಿಂಗಳಿಗೆ ಎಷ್ಟು ಪ್ಯಾಕೆಟ್ ಎಣ್ಣೆ ತರ್ತೀರ ಅಂತ. ನಾಲ್ಕು ಜನದ ಮನೆಗೆ ಐದು ಲೀಟರ್ ಅಂತಾರೆ, ತುಪ್ಪ ಬೆಣ್ಣೆ ಬೇರೆ. ಒಂದು ಲೀಟರ್ ಪ್ಯಾಕೆಟಲ್ಲಿ 910 ಗ್ರಾಂ ಎಣ್ಣೆ ಇರುತ್ತೆ, ಗ್ರಾಮಿಗೆ 9 ಕ್ಯಾಲೊರಿ, ಐದು ಲೀಟರನ್ನ ನಾಲ್ಕು ಜನಕ್ಕೆ ಮೂವತ್ತು ದಿನಕ್ಕೆ ಹಂಚಿದ್ರೆ ಒಬ್ಬೊಬ್ರ ಹೊಟ್ಟೆಗೆ ದಿನಕ್ಕೆ 340 ಕ್ಯಾಲೊರಿ ಬರೀ ಎಣ್ಣೆಯಿಂದ್ಲೇ ಹೋಗ್ತಿದೆ. ಅದನ್ನ ಮೂರು ಲೀಟರಿಗೆ ತಂದ್ರೆ ದಿನಕ್ಕೆ 135ರ ಹತ್ರ ಉಳೀತು. ನಿಮ್ಮ ಒಂದು ಗಂಟೆ ವಾಕಲ್ಲಿ ಮುಕ್ಕಾಲು ಗಂಟೆಯಷ್ಟು ಇದು, ಬೆವರೂ ಇಲ್ಲ ಏನೂ ಇಲ್ಲ, ಊಟದ ಪ್ರಮಾಣಾನೂ ಕಮ್ಮಿ ಆಗಿಲ್ಲ. ಹೇಗೆ ಅಂದ್ರೆ, ಕ್ಯಾನಿಂದ ಬಾಣಲೆಗೆ ಸುರಿಯೋದು ನಿಲ್ಲಿಸಿ, ಸ್ಪೂನಲ್ಲಿ ಅಳೆದು ಹಾಕಿ. ಪಲ್ಯಕ್ಕೆ ತರಕಾರಿ ಮೊದಲೇ ಬೇಯಿಸ್ಕೊಂಡು ಆಮೇಲೆ ಒಗ್ಗರಣೆ ಕೊಟ್ರೆ ಎರಡು ಚಮಚ ಸಾಕು, ಹಸಿ ತರಕಾರಿನ ಎಣ್ಣೇಲೇ ಬಾಡಿಸ್ತೀನಿ ಅಂದ್ರೆ ಎಷ್ಟು ಹಾಕಿದ್ರೂ ಹೀರ್ಕೊಳುತ್ತೆ, ಅದ್ರಲ್ಲೂ ಬದನೆಕಾಯಿ.

ಕಾಫಿ ಟೀ ಬಗ್ಗೆ ಜಾಸ್ತಿ ಹೇಳಲ್ಲ, ಎರಡು ಚಮಚ ಸಕ್ಕರೆ ಅಂದ್ರೆ 40 ಕ್ಯಾಲೊರಿ, ಹಾಲು ಬೇರೆ, ದಿನಕ್ಕೆ ನಾಲ್ಕು ಸಲ ಕುಡಿಯೋರು ತಾವೇ ಗುಣಿಸ್ಕೊಳ್ಳಿ. ಸಕ್ಕರೆ ಬದಲು ಬೆಲ್ಲ ಹಾಕ್ತೀನಿ ಅನ್ನೋರಿಗೆ ಒಂದು ಮಾತು, ತೂಕದ ಮಟ್ಟಿಗೆ ಎರಡೂ ಒಂದೇ.

ಇನ್ನು ಅನ್ನ ಬಿಟ್ಟು ಮುದ್ದೆ ಶುರು ಮಾಡಿದ್ರೆ ಇಳೀತೀನಾ ಅಂತಾನೂ ಕೇಳಿದೀರ. ನೂರು ಗ್ರಾಂ ಅಕ್ಕೀಲಿ ಸುಮಾರು 350 ಕ್ಯಾಲೊರಿ, ನೂರು ಗ್ರಾಂ ರಾಗಿ ಹಿಟ್ಟಲ್ಲಿ 320ರ ಹತ್ರ. ಇಷ್ಟೇ ವ್ಯತ್ಯಾಸ. ರಾಗೀಲಿ ನಾರು ಜಾಸ್ತಿ, ಕ್ಯಾಲ್ಸಿಯಂ ತುಂಬಾ ಜಾಸ್ತಿ, ಹೊಟ್ಟೆ ತುಂಬ್ದಂಗೆ ಇರುತ್ತೆ, ಅದೆಲ್ಲ ನಿಜ. ಆದ್ರೆ ದೊಡ್ಡ ಮುದ್ದೆ ಎರಡು ನುಂಗಿ, ಅದರ ಮೇಲೆ 'ಒಂಚೂರು' ಅಂತ ಅನ್ನ ಸಾರು ಕಲಸ್ಕೊಂಡು, ಕೊನೇಲಿ ಮಜ್ಜಿಗೆಗೆ ಇನ್ನೊಂದು ಸೌಟು ಅನ್ನ ಹಾಕಿಸ್ಕೊಂಡ್ರೆ ರಾಗಿ ಬಂದು ಏನು ತಾನೇ ಮಾಡುತ್ತೆ. ನಮ್ಮ ತಟ್ಟೇಲಿ ಇರೋ ನಿಜವಾದ ತೊಂದರೆ ಅಕ್ಕಿನೋ ರಾಗಿನೋ ಅಲ್ಲ, ಪ್ರೋಟೀನ್ ಇಲ್ಲದೇ ಇರೋದು. ತಿಳಿಸಾರಲ್ಲಿ ಬೇಳೆ ಎಲ್ಲಿದೆ ಅಂತ ಹುಡುಕ್ಬೇಕು, ಕೋಸಂಬರಿ ಎಲೆ ತುದೀಲಿ ಉಪ್ಪಿನಕಾಯಿಯಷ್ಟು ಬಡಿಸ್ತಾರೆ. ಇದನ್ನ ಉಲ್ಟಾ ಮಾಡಿ ನೋಡಿ, ಹೆಸರುಬೇಳೆ ಸೌತೆಕಾಯಿ ಕೋಸಂಬರಿ ಒಂದು ಬಟ್ಟಲು ತುಂಬಾ, ಬಸ್ಸಾರು ಮಾಡಿದ್ರೆ ಸೊಪ್ಪು ಕಾಳಿನ ಪಲ್ಯ ತಟ್ಟೆಯ ಅರ್ಧ, ಇಲ್ಲಾಂದ್ರೆ ಹುರುಳಿಕಾಳು, ಕಡ್ಲೆಕಾಳು, ಮೊಟ್ಟೆ ತಿನ್ನೋರಾದ್ರೆ ಎರಡು ಮೊಟ್ಟೆ, ಇದನ್ನ ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿ. ಅನ್ನ ತಾನಾಗೇ ಕಮ್ಮಿ ಆಗುತ್ತೆ, ಯಾರೂ ಬಿಡಿಸ್ಬೇಕಾಗಿಲ್ಲ. ಮೆಸ್ಸಲ್ಲಿ ನಾನೇ ನೋಡಿದೀನಿ, ಕಾಳಿನ ಪಲ್ಯ ಮಾಡಿದ ದಿನ ಅನ್ನ ಉಳಿಯುತ್ತೆ, ಆಲೂಗಡ್ಡೆ ಪಲ್ಯ ಮಾಡಿದ ದಿನ ಎರಡನೇ ಸಲ ಕುಕ್ಕರ್ ಇಡ್ಬೇಕಾಗುತ್ತೆ.

ಹಂಗಾದ್ರೆ ಹಳ್ಳೀಲಿ ನಮ್ಮಜ್ಜ ಮೂರು ಮುದ್ದೆ ತಿಂದ್ರೂ ಕಡ್ಡಿ ಥರ ಇದ್ರಲ್ಲ ಅಂತೀರ. ಅವರು ಅದಕ್ಕೆ ತಕ್ಕ ಕೆಲಸ ಮಾಡ್ತಿದ್ರು. ಇದರ ಬಗ್ಗೆ ಒಂದು ಹಳೇ ಸ್ಟಡಿ ಇದೆ, ನಮ್ಮ ದೇಶದ್ದೇ, ನನಗೆ ಬಹಳ ಇಷ್ಟ ಅದು. 1956ರಲ್ಲಿ ಪ್ರಕಟ ಆಗಿದ್ದು, ಜೀನ್ ಮೇಯರ್ ಅನ್ನೋ ವಿಜ್ಞಾನಿ ಮತ್ತವರ ಜೊತೆಗಾರರು ಪಶ್ಚಿಮ ಬಂಗಾಳದ ಸೆಣಬಿನ ಗಿರಣೀಲಿ 213 ಜನ ಗಂಡಸರ ಊಟ, ತೂಕ, ಕೆಲಸ ಮೂರನ್ನೂ ಅಳೆದ್ರು. ಗುಮಾಸ್ತರು, ಅಂಗಡೀಲಿ ಕೂರೋರಿಂದ ಹಿಡಿದು ಮೂಟೆ ಹೊರೋರ ತನಕ. ಕೆಲಸ ಭಾರ ಆದಷ್ಟೂ ಊಟ ಜಾಸ್ತಿ, ಅದು ಸರಿ, ಆದ್ರೆ ತೂಕ ಏರ್ತಿರಲಿಲ್ಲ. ವಿಚಿತ್ರ ಏನಪ್ಪಾ ಅಂದ್ರೆ ಕೂತಲ್ಲೇ ಕೂರೋರು ಹಗುರ ಕೆಲಸದವರಿಗಿಂತ ಜಾಸ್ತಿ ತಿಂತಿದ್ರು, ಹೆಚ್ಚುಕಮ್ಮಿ ಮೂಟೆ ಹೊರೋರಷ್ಟೇ, ಹೊಟ್ಟೆ ಬೆಳೆದಿದ್ದೂ ಅವರಿಗೇ. ಅಂದ್ರೆ ಪೂರ್ತಿ ಕೂತುಬಿಟ್ರೆ ಹಸಿವಿಗೆ ಲೆಕ್ಕ ತಪ್ಪಿಹೋಗುತ್ತೆ. ಇದಕ್ಕೇ ನಾನು ವಾಕ್ ಬಿಡಬೇಡಿ ಅಂದಿದ್ದು, ಅದು ಕ್ಯಾಲೊರಿ ಸುಡೋದಕ್ಕಿಂತ ಹಸಿವನ್ನ ಹದದಲ್ಲಿ ಇಡೋಕೆ ಬೇಕು.

ಹಾಗಂತ ಎರಡು ಗಂಟೆ ಜಿಮ್ ಮಾಡಿದ್ರೆ ಎರಡರಷ್ಟು ಇಳೀತೀನಿ ಅಂತ ಹೊರಟ್ರೆ ಅದೂ ಆಗಲ್ಲ. ಟಾಂಜಾನಿಯಾದಲ್ಲಿ ಹಡ್ಜಾ ಅನ್ನೋ ಬೇಟೆಗಾರ ಜನ ಇದಾರೆ, ದಿನವಿಡೀ ಕಾಡು ಸುತ್ತೋರು. ಅವರ ಮೈ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತೆ ಅಂತ ಹರ್ಮನ್ ಪಾಂಟ್ಜರ್ ಅನ್ನೋರ ತಂಡ ಅಳೆದು 2012ರಲ್ಲಿ ಪ್ರಕಟಿಸಿದ್ರು. ದೇಹದ ಗಾತ್ರ ಲೆಕ್ಕಕ್ಕೆ ತಗೊಂಡ್ರೆ ಆಫೀಸಲ್ಲಿ ಕೂರೋ ಅಮೆರಿಕದವರಷ್ಟೇ! ದೇಹ ಬಲೇ ಜುಗ್ಗ, ಒಂದು ಕಡೆ ಖರ್ಚು ಜಾಸ್ತಿ ಆದ್ರೆ ಇನ್ನೊಂದು ಕಡೆ ಹಿಡಿಯುತ್ತೆ. ಅಷ್ಟೇ ಯಾಕೆ, ತೂಕ ಇಳಿಸೋಕೆ ಅಂತ್ಲೇ 2025ರಲ್ಲಿ ನಮ್ಮ ದೇಶಕ್ಕೂ ಬಂದ ಇಂಜೆಕ್ಷನ್‌ಗಳಿವೆಯಲ್ಲ, ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಅಂತ, ಅವು ಮುಖ್ಯವಾಗಿ ಮಾಡೋದು ಹಸಿವು ಕಮ್ಮಿ ಮಾಡೋದು, ತಗೊಂಡೋರು ತಿನ್ನೋದೇ ಕಮ್ಮಿ ಆಗುತ್ತೆ. ಅವನ್ನ ತಗೊಳ್ಳಿ ಅಂತಿಲ್ಲ, ಅದು ಡಾಕ್ಟರ್ ವಿಷಯ, ಆದ್ರೆ ತೂಕದ ಕೀಲಿ ಯಾವ ಕಡೆ ಇದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ.

ಹಂಗಾದ್ರೆ ವ್ಯಾಯಾಮ ಯಾಕೆ ಬೇಕು? ನನ್ನ ಪ್ರಕಾರ ಮೂರು ಕಾರಣಕ್ಕೆ ಬೇಕೇ ಬೇಕು. ಬರೀ ಊಟ ಕಮ್ಮಿ ಮಾಡಿ ತೂಕ ಇಳಿಸಿದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಹೋಗುತ್ತೆ. ಪಟ್ಟಂತ ಹತ್ತು ಕೆಜಿ ಇಳಿಸಿದೋರ ಮುಖ ನೋಡಿ, ಕೆನ್ನೆ ಒಳಗೆ ಹೋಗಿ, ಮೆಟ್ಟಿಲು ಹತ್ತಿದ್ರೆ ಏದುಸಿರು, 'ಹುಷಾರಿಲ್ವಾ' ಅಂತ ಜನ ಕೇಳ್ತಾರೆ. ಇದಕ್ಕೆ ವಾಕ್ ಒಂದೇ ಸಾಲಲ್ಲ, ಖಂಡಕ್ಕೆ ಭಾರ ಬೀಳಬೇಕು, ಜಿಮ್ಮೇ ಆಗ್ಬೇಕು ಅಂತೇನಿಲ್ಲ, ಸ್ಕೂಲಲ್ಲಿ ಮೇಷ್ಟ್ರು ಹೊಡೆಸ್ತಿದ್ದ ಬಸ್ಕಿನೇ ಹೊಡೀರಿ, ಗೋಡೆಗೆ ಕೈ ಕೊಟ್ಟು ದಂಡ ಶುರು ಮಾಡಿ, ನೀರಿನ ಕ್ಯಾನ್ ಎತ್ತಿ ಇಳಿಸಿ, ವಾರಕ್ಕೆ ಎರಡು ಮೂರು ದಿನ ಆದ್ರೂ ಸಾಕು. ಮಂಡಿ ನೋವಿದ್ರೆ ಬಸ್ಕಿ ಪೂರ್ತಿ ಕೂರಬೇಡಿ, ಕುರ್ಚಿ ಮೇಲೆ ಕೂತು ಏಳೋದೇ ಮಾಡಿ.

ಎರಡನೇದು ಇಳಿದಿದ್ದು ವಾಪಸ್ ಬರದೇ ಇರೋದು. ಅಮೆರಿಕದಲ್ಲಿ 1994ರಿಂದ ಒಂದು ರಿಜಿಸ್ಟ್ರಿ ಇದೆ, 13-14 ಕೆಜಿ ಇಳಿಸಿ ಕಮ್ಮಿ ಅಂದ್ರೂ ಒಂದು ವರ್ಷ ಹಾಗೇ ಉಳಿಸ್ಕೊಂಡಿರೋರ ವಿವರ ಕಲೆಹಾಕ್ತಾರೆ, ಅವರಲ್ಲಿ ಹೆಚ್ಚಿನವರು ದಿನಕ್ಕೆ ಹತ್ರ ಹತ್ರ ಒಂದು ಗಂಟೆ ಮೈ ದಂಡಿಸೋರು. ಇಳಿಸೋದು ಊಟ, ಇಳಿದಿದ್ದನ್ನ ಕಾಯೋದು ನಡಿಗೆ ಅಂತ ನಾನು ಅರ್ಥ ಮಾಡ್ಕೊಂಡಿದೀನಿ.

ಮೂರನೇದು ಶುಗರ್. ನಮ್ಮ ಮೈಕಟ್ಟಿನ ಕತೆ ಗೊತ್ತಲ್ಲ, ಕೈಕಾಲು ಸಣ್ಣ ಹೊಟ್ಟೆ ಮಾತ್ರ ಮುಂದೆ. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತೆ ಅವರ ಬ್ರಿಟಿಷ್ ಸ್ನೇಹಿತ ಯುಡ್ಕಿನ್ ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ್ರೆ ತೂಕ ಎಷ್ಟಿದೆ ಅನ್ನೋ ಅಳತೆ) ಒಂದೇ, 22.3, ಆದ್ರೆ ಮೈಯಲ್ಲಿರೋ ಕೊಬ್ಬು ಅಳೆದ್ರೆ ಯುಡ್ಕಿನ್ ಅವರದ್ದು ಶೇಕಡ 9.1, ಯಾಜ್ಞಿಕ್ ಅವರದ್ದು 21.2. ಇಬ್ಬರೂ ಸೇರಿ ಅದನ್ನ ಫೋಟೋ ಸಮೇತ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಹಾಕಿದ್ರು. ಅದಕ್ಕೇ ನಮಗೆ ಬಿಎಂಐ 23 ದಾಟಿದ್ರೇ ಜಾಸ್ತಿ ತೂಕ ಅಂತಾರೆ, 25ರವರೆಗೆ ಕಾಯಲ್ಲ. ಈಗ ಒಳ್ಳೇ ಸುದ್ದಿ ಹೇಳ್ತೀನಿ, ಚೆನ್ನೈನಲ್ಲಿ ಮಾಡಿ 2006ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಸ್ಟಡೀಲಿ, ಶುಗರ್ ಬರೋ ಅಂಚಿನಲ್ಲಿದ್ದವರಿಗೆ ಊಟ ತಿದ್ದಿ ದಿನಾ ನಡೆಸಿದ್ರು, ಹಾಗೆ ಮಾಡಿದೋರಿಗೆ ಶುಗರ್ ಬರೋದು ಶೇಕಡ 28.5 ಕಮ್ಮಿ ಆಯ್ತು, ತೂಕದಲ್ಲಿ ಮಾತ್ರ ಹೇಳಿಕೊಳ್ಳೋ ಇಳಿಕೆ ಇರಲಿಲ್ಲ. ನಿಮ್ಮ ಮೂರು ತಿಂಗಳ ವಾಕ್ ದಂಡ ಆಯ್ತು ಅಂತ ಬೇಜಾರಲ್ಲಿದೀರಲ್ಲ, ಆಗಿಲ್ಲ. ಮುಳ್ಳಿಗೆ ಕಾಣ್ದೇ ಇರೋ ಕಡೆ ಅದು ಕೆಲಸ ಮಾಡ್ತಾನೇ ಇರುತ್ತೆ. ಆಗೋದಾದ್ರೆ ಬೆಳಗಿನ ಒಂದು ಗಂಟೇಲಿ ಸ್ವಲ್ಪ ಕಿತ್ತು ಮಧ್ಯಾಹ್ನ, ರಾತ್ರಿ ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ಓಡಾಡಿ, ಊಟದ ಮೇಲೆ ಏರೋ ಶುಗರಿಗೆ ಅದು ಒಳ್ಳೇದು.

'ಹದಿನೈದು ದಿನದಲ್ಲಿ ಐದು ಕೆಜಿ' ಜಾಹೀರಾತಿಗೆ ಮಾತ್ರ ಬೀಳ್ಬೇಡಿ. ಅನ್ನ ಚಪಾತಿ ಒಟ್ಟಿಗೆ ನಿಲ್ಲಿಸಿದ್ರೆ ಮೊದಲ ವಾರ ಇಳಿಯೋದರಲ್ಲಿ ನೀರೇ ಜಾಸ್ತಿ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶದ ಜೊತೆ ಅದರ ಮೂರರಷ್ಟು ನೀರು ಇರುತ್ತೆ, ಅದು ಹೋಗುತ್ತೆ, ಒಂದು ಮದುವೆ ಊಟ ಮಾಡಿದ್ರೆ ಎಲ್ಲಾ ವಾಪಸ್. ತಿಂಗಳಿಗೆ ಒಂದೂವರೆ ಎರಡು ಕೆಜಿ ಇಳಿದ್ರೆ ನಿಮಗೆ ಸಾಕು.

ನಾನಾಗಿದ್ರೆ ಈ ತಿಂಗಳು ಜಿಮ್ ದುಡ್ಡು ಉಳಿಸಿ ಇಷ್ಟು ಮಾಡ್ತಿದ್ದೆ: ಎಣ್ಣೆ ಮೂರು ಪ್ಯಾಕೆಟಿಗೆ ನಿಲ್ಲಿಸೋದು, ಕಾಫಿ ಎರಡಕ್ಕೆ, ಪಾರ್ಕ್ ಮುಂದಿನ ದರ್ಶಿನಿಗೆ ವಾರಕ್ಕೊಂದೇ ಸಲ, ಮಧ್ಯಾಹ್ನ ಕಾಳು ಕೋಸಂಬರಿ ಮೊದಲು, ವಾಕ್ ಈಗಿರೋ ಹಾಗೇ, ಜೊತೆಗೆ ಬಸ್ಕಿ. ಹಬ್ಬ ಬಂದ್ರೆ ಹೋಳಿಗೆ ತಿನ್ನಿ, ಮಾರನೇ ದಿನದ ತಂಗಳು ಹೋಳಿಗೆ ಬೇರೆಯವರಿಗೆ ಕೊಡಿ. ತೂಕ ವಾರಕ್ಕೊಂದು ಸಲ ಬೆಳಿಗ್ಗೆ ಖಾಲಿ ಹೊಟ್ಟೇಲಿ ನೋಡಿ, ದಿನಾ ನೋಡಿದ್ರೆ ಹುಚ್ಚು ಹಿಡಿಯುತ್ತೆ. ಸೊಂಟಕ್ಕೆ ಟೇಪ್ ಹಿಡೀರಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರೊಳಗೆ ಬರ್ಬೇಕು. ಇಷ್ಟೂ ನಿಯತ್ತಾಗಿ ಎರಡು ಮೂರು ತಿಂಗಳು ಮಾಡಿಯೂ ಟೇಪ್, ಮುಳ್ಳು ಎರಡೂ ಕದಲ್ಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ ಥೈರಾಯ್ಡಿನ ಟಿಎಸ್‌ಎಚ್ ಅನ್ನೋ ರಕ್ತಪರೀಕ್ಷೆ ಒಂದು ಮಾಡಿಸಿ, ಸ್ಟೆರಾಯ್ಡ್ ಮಾತ್ರೆ ಗೀತ್ರೆ ತಗೋತಿದ್ರೆ ಅದನ್ನೂ ಅವರಿಗೆ ಹೇಳಿ.