ಐಸ್ ಕ್ಯೂಬ್ ರ‍್ಯಾಪ್ ಬಿಟ್ಟು ನಟ ಆಗಿದ್ದು ಹೇಗೆ? ಬೆಂಗಳೂರಲ್ಲಿ ರ‍್ಯಾಪ್ ಮಾಡುವ ನನಗೂ ಆ ದಾರಿ ಇದೆಯಾ?

ಮೊದಲು ಒಂದು ಸಣ್ಣ ತಿದ್ದುಪಡಿ. ಅಮೆರಿಕದ ಈ ರ‍್ಯಾಪರ್ ರ‍್ಯಾಪ್ ಬಿಟ್ಟೇ ಇಲ್ಲ. 2024ರಲ್ಲೂ ಒಂದು ಆಲ್ಬಂ ತಂದಿದ್ದಾರೆ. ಇದನ್ನು ಯಾಕೆ ಹೇಳಿದೆ ಅಂದರೆ, ಅವರ ಸಿನಿಮಾ ಬದುಕು ಅರ್ಥ ಆಗಬೇಕಾದರೆ ಅವರನ್ನು ಬರಹಗಾರ ಅಂತಲೇ ನೋಡಬೇಕು. ಹಾಡು ಬರೆಯುತ್ತಿದ್ದ ಮನುಷ್ಯ ಸ್ಕ್ರಿಪ್ಟ್ ಬರೆಯೋಕೆ ಶುರು ಮಾಡಿದ. ಮೊದಲ ಚಾನ್ಸ್ ಬೇರೆಯವರು ಕೊಟ್ಟರು, ಆಮೇಲೆ ಹಲವು ಚಾನ್ಸ್‌ಗಳನ್ನು ಅವರೇ ಸೃಷ್ಟಿ ಮಾಡಿಕೊಂಡರು.

ನಿಜವಾದ ಹೆಸರು ಓ'ಶಿಯಾ ಜಾಕ್ಸನ್. ಹುಟ್ಟಿದ್ದು 1969ರ ಜೂನ್ 15, ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ಒಂದು ಯೂನಿವರ್ಸಿಟಿ ಆವರಣದ ಮೈದಾನ, ಗಿಡಮರ ನೋಡಿಕೊಳ್ಳುತ್ತಿದ್ದರು, ಅಮ್ಮ ಆಸ್ಪತ್ರೆಯಲ್ಲಿ ಕ್ಲರ್ಕ್. ಸೌತ್ ಸೆಂಟ್ರಲ್ ಅನ್ನುವ ಬಡ ಏರಿಯಾದಲ್ಲಿ ಮನೆ, ದೂರದ ಅನುಕೂಲಸ್ಥರ ಬಡಾವಣೆಯಲ್ಲಿ ಹೈಸ್ಕೂಲು, ದಿನಾ ಬಸ್ಸು. ಮೊದಲ ರ‍್ಯಾಪ್ ಬರೆದಿದ್ದು ಟೈಪಿಂಗ್ ಕ್ಲಾಸಲ್ಲಿ, ಪಕ್ಕದ ಗೆಳೆಯ 'ಬರಿ ನೋಡೋಣ' ಅಂತ ಕೆಣಕಿದ್ದಕ್ಕೆ.

ಇನ್ನೊಂದು ವಿಷಯ ನಮ್ಮ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ತುಂಬ ಇಷ್ಟ ಆಗುತ್ತದೆ. 1987ರಲ್ಲಿ, ಆಗಲೇ ಇನ್ನೊಬ್ಬರಿಗೆ ಹಿಟ್ ಹಾಡು ಬರೆದುಕೊಟ್ಟಿದ್ದ ಹುಡುಗ, ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಹೋಗಿ ಆರ್ಕಿಟೆಕ್ಚರಲ್ ಡ್ರಾಫ್ಟಿಂಗ್ ಕೋರ್ಸ್‌ಗೆ ಸೇರಿಕೊಂಡ. ಮನೆ ಕಟ್ಟುವ ನಕ್ಷೆ ಬರೆಯುವ ಕೆಲಸ! ಡಿಪ್ಲೊಮಾ ತಗೊಂಡು 1988ರಲ್ಲಿ ವಾಪಸ್ ಬಂದ. ಅದಾದ ಮೇಲೆ ಅವರಿದ್ದ ರ‍್ಯಾಪ್ ಗುಂಪು ಎನ್‌.ಡಬ್ಲ್ಯು.ಎ.ಯ 'ಸ್ಟ್ರೇಟ್ ಔಟ್ಟಾ ಕಾಂಪ್ಟನ್' ಆಲ್ಬಂ ಬಂತು. ಅದರ ಸಾಹಿತ್ಯದಲ್ಲಿ ದೊಡ್ಡ ಪಾಲು ಇವರದ್ದೇ. ಪೊಲೀಸರನ್ನು ಬೈದ ಒಂದು ಹಾಡಿಗೆ 1989ರಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ಆಲ್ಬಂ ಹಂಚುತ್ತಿದ್ದ ಕಂಪನಿಗೆ ಪತ್ರ ಬರೆದರು. ಹಾಡಿಗೆ ಅದಕ್ಕಿಂತ ದೊಡ್ಡ ಪ್ರಚಾರ ಬೇಕಾ?

ಅದೇ ವರ್ಷದ ಕೊನೆಗೆ ಅವರು ಗುಂಪು ಬಿಟ್ಟರು. ಕಾರಣ ದುಡ್ಡು. ಬರೆದಿದ್ದಕ್ಕೆ ಸಿಗಬೇಕಾದ ರಾಯಲ್ಟಿ ಸರಿಯಾಗಿ ಸಿಗುತ್ತಿಲ್ಲ ಅಂತ ಜಗಳ. ಆಗ ಅವರಿಗೆ ಇಪ್ಪತ್ತು. ಹೆಸರು ಏರುತ್ತಿದ್ದ ಗುಂಪಿಂದ ಲೆಕ್ಕದ ವಿಷಯಕ್ಕೆ ಆ ವಯಸ್ಸಲ್ಲಿ ಎದ್ದು ಬರೋಕೆ ಗುಂಡಿಗೆ ಬೇಕು. 1990ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಸೋಲೋ ಆಲ್ಬಂ ಮಾಡಿದರು, ಚೆನ್ನಾಗಿ ಓಡಿತು. 1991ರ ಆಲ್ಬಂನಲ್ಲಿ ಕೊರಿಯನ್ನರ ಬಗ್ಗೆ, ಯಹೂದಿಗಳ ಬಗ್ಗೆ ಬರೆದ ಸಾಲುಗಳಿಗೆ ಚೆನ್ನಾಗಿ ಬೈಸಿಕೊಂಡರು. ಬೈಸಿಕೊಂಡಿದ್ದು ನ್ಯಾಯವೇ, ಇವತ್ತು ಕೇಳಿದರೂ ಮುಜುಗರ ಆಗುತ್ತದೆ.

ಅದೇ 1991ರಲ್ಲಿ ಮೊದಲ ಸಿನಿಮಾ, 'ಬಾಯ್ಸ್ ಇನ್ ದ ಹುಡ್'. ಹೆಸರು ತಗೊಂಡಿದ್ದು ಇವರೇ ಬರೆದ ಆ ಹಳೇ ಹಿಟ್ ಹಾಡಿಂದ. ನಿರ್ದೇಶಕ ಜಾನ್ ಸಿಂಗಲ್ಟನ್, ಆಗಷ್ಟೇ ಕಾಲೇಜು ಮುಗಿಸಿದ್ದ ಹುಡುಗ. ಮೊದಲ ಆಡಿಷನ್ನಲ್ಲಿ ಐಸ್ ಕ್ಯೂಬ್ ಕೆಟ್ಟದಾಗಿ ಮಾಡಿದರು. ಸ್ಕ್ರಿಪ್ಟ್ ಸರಿಯಾಗಿ ಓದಿಕೊಂಡೇ ಬಂದಿರಲಿಲ್ಲ. ಓದಿಕೊಂಡು ಬನ್ನಿ ಅಂತ ಸಿಂಗಲ್ಟನ್ ಗದರಿಸಿ ಕಳಿಸಿದ ಮೇಲೆ ಪಾತ್ರ ಸಿಕ್ಕಿದ್ದು.

ಈ ಸಿನಿಮಾದ ಕೊನೆ ದೃಶ್ಯ ಒಂದು ಸಲ ನೋಡಿ. ತಮ್ಮನನ್ನು ಕಳಕೊಂಡ, ಸೇಡೂ ತೀರಿಸಿಕೊಂಡ ಡೋಬಾಯ್ (ಐಸ್ ಕ್ಯೂಬ್ ಮಾಡಿದ ಪಾತ್ರ) ಬೆಳಗ್ಗೆ ಗೆಳೆಯನ ಮನೆ ಮೆಟ್ಟಿಲ ಮೇಲೆ ಬಂದು ಕೂರುತ್ತಾನೆ. ಟಿವಿ ಹಾಕಿದೆ, ಅದರಲ್ಲಿ ತಮ್ಮನ ಸುದ್ದಿಯೇ ಇಲ್ಲ ಅಂತಾನೆ. ದನಿ ಏರಿಸಲ್ಲ. ಮಾತಿನ ನಡುವೆ ಸುಮ್ಮನೆ ಕೂರುತ್ತಾನೆ. ಕೈಯಲ್ಲಿದ್ದ ಬಾಟಲಿಯಲ್ಲಿದ್ದದ್ದನ್ನು ನೆಲಕ್ಕೆ ಸುರಿದು ಎದ್ದು ಹೋಗುತ್ತಾನೆ.

ನಾನು ಇಲ್ಲೇ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಸೌಂಡ್ ಎಂಜಿನಿಯರ್. ಸಣ್ಣಪುಟ್ಟ ಪಾತ್ರ ಮಾಡಿದ ರ‍್ಯಾಪರ್ ಹುಡುಗರು ತಮ್ಮ ಡೈಲಾಗ್ ಡಬ್ ಮಾಡೋಕೆ ಬರುತ್ತಾರೆ. ಲಿಪ್ ಸಿಂಕ್ ಅವರಿಗೆ ನೀರು ಕುಡಿದಷ್ಟು ಸುಲಭ. ಮೈಕ್ ಮುಂದೆ ಉಸಿರು ಹೇಗೆ ಬಿಡಬೇಕು ಅಂತ ಹೇಳಿಕೊಡಬೇಕಾಗಿಲ್ಲ. ಒದ್ದಾಡೋದು ಡೈಲಾಗ್ ಇಲ್ಲದ ಕಡೆ. ಎದುರಿನವನು ಮಾತಾಡುವಾಗ ಇವರು ಸುಮ್ಮನೆ ಕೇಳಿಸಿಕೊಳ್ಳಬೇಕು, ಒಂದು ಉಸಿರು ಸಾಕು. ಆದರೆ ಖಾಲಿ ಜಾಗ ಕಂಡ ಕೂಡಲೇ 'ಏಯ್', 'ಹಾಂ' ಅಂತ ಏನಾದರೂ ತುಂಬಿಬಿಡುತ್ತಾರೆ. ಬೀಟ್ ಬಿಟ್ಟರೆ ಸೋತ ಹಾಗೆ ಅನ್ನೋದು ಅಭ್ಯಾಸ ಆಗಿಹೋಗಿದೆ, ಅಲ್ವಾ? ಐಸ್ ಕ್ಯೂಬ್ ಮೊದಲ ಸಿನಿಮಾದಲ್ಲೇ ಬೀಟ್ ಬಿಟ್ಟು ಕೂತಿದ್ದಾರೆ. ನನಗೆ ಅವರು ನಟ ಅನ್ನಿಸಿದ್ದು ಅಲ್ಲಿ.

ಹಾಡು ಬರೆಯುವವನು ಸಿನಿಮಾನೂ ಬರೆಯಬಹುದು ಅಂತ ಅವರ ಹಿಂದೆ ಬಿದ್ದವರೂ ಸಿಂಗಲ್ಟನ್ನೇ. ಅದರ ಫಲ 1995ರ 'ಫ್ರೈಡೇ'. ಡಿಜೆ ಪೂಹ್ ಜೊತೆ ಸೇರಿ ಬರೆದರು. ನಿರ್ದೇಶಕ ಎಫ್. ಗ್ಯಾರಿ ಗ್ರೇ, ಅಲ್ಲಿಯವರೆಗೆ ಮ್ಯೂಸಿಕ್ ವಿಡಿಯೋ ಮಾಡಿಕೊಂಡಿದ್ದವರು. ಬಜೆಟ್ ಸುಮಾರು 35 ಲಕ್ಷ ಡಾಲರ್, ಶೂಟಿಂಗ್ ಸುಮಾರು 20 ದಿನ. ಕಥೆ ಒಂದೇ ಶುಕ್ರವಾರದ್ದು. ರಜೆ ದಿನವೇ ಕೆಲಸ ಕಳಕೊಂಡ ಕ್ರೇಗ್ ಮನೆ ಮುಂದಿನ ಜಗಲಿಯಲ್ಲಿ ಗೆಳೆಯನ ಜೊತೆ ಕೂತು ಬೀದಿ ನೋಡುತ್ತಾನೆ. ಗಳಿಸಿದ್ದು 2.7 ಕೋಟಿ ಡಾಲರ್‌ಗೂ ಜಾಸ್ತಿ.

ಇಲ್ಲಿ ಅವರ ಬುದ್ಧಿವಂತಿಕೆ ನೋಡಿ. ಬರೆದವರೂ ಅವರೇ, ಹೀರೋನೂ ಅವರೇ. ನಮ್ಮ ಕಡೆ ಆಗಿದ್ದರೆ ಎಲ್ಲ ಪಂಚ್ ಡೈಲಾಗೂ ಹೀರೋಗೆ, ಮೇಲೊಂದು ಇಂಟ್ರೊಡಕ್ಷನ್ ಸಾಂಗು. ಅವರು ನಗಿಸುವ ಕೆಲಸವನ್ನೆಲ್ಲ ಆ ಗೆಳೆಯನ ಪಾತ್ರ ಮಾಡಿದ ಕ್ರಿಸ್ ಟಕರ್‌ಗೆ ಕೊಟ್ಟರು. ಆಗ ಟಕರ್ ಅಂಥ ಹೆಸರೇನೂ ಅಲ್ಲ. ಟಕರ್ ಕುಣಿಯುತ್ತಾರೆ, ಕಿರುಚುತ್ತಾರೆ, ಐಸ್ ಕ್ಯೂಬ್ ಪಕ್ಕದಲ್ಲಿ ಮುಖ ಗಂಟು ಹಾಕಿಕೊಂಡು ನೋಡುತ್ತಾರೆ. ಆ ಗಂಟುಮುಖ ಇದ್ದದ್ದಕ್ಕೇ ಟಕರ್ ಅಷ್ಟು ನಗಿಸಿದ್ದು. ತನಗೆ ಬರುವುದು ಎಷ್ಟು ಅಂತ ಗೊತ್ತಿದ್ದವನು ಮಾತ್ರ ಹಾಗೆ ಬರೆಯಬಲ್ಲ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1998ರಲ್ಲಿ ಒಂದು ಸಿನಿಮಾ ನಿರ್ದೇಶಿಸಿದರು. 1999ರ 'ಥ್ರೀ ಕಿಂಗ್ಸ್'ನಲ್ಲಿ ಜಾರ್ಜ್ ಕ್ಲೂನಿ, ಮಾರ್ಕ್ ವಾಲ್‌ಬರ್ಗ್ ಜೊತೆ ನಟಿಸಿದರು (ವಾಲ್‌ಬರ್ಗ್ ಕೂಡ ಮೊದಲು ರ‍್ಯಾಪರ್, ಆ ಹಾಡು ಕೇಳದಿದ್ದರೆ ನಷ್ಟ ಇಲ್ಲ). 2002ರಲ್ಲಿ 'ಬಾರ್ಬರ್‌ಶಾಪ್', 2005ರಲ್ಲಿ ಮಕ್ಕಳ ಸಿನಿಮಾ. 2012ರ '21 ಜಂಪ್ ಸ್ಟ್ರೀಟ್'ನಲ್ಲಿ ಸದಾ ರೇಗುವ ಪೊಲೀಸ್ ಕ್ಯಾಪ್ಟನ್! ಪೊಲೀಸರನ್ನು ಬೈದ ಹಾಡು ಬರೆದವರೇ. 2015ರಲ್ಲಿ ತಮ್ಮ ಗುಂಪಿನ ಕಥೆಯನ್ನೇ ಸಿನಿಮಾ ಮಾಡಿಸಿದರು. ನಿರ್ಮಾಪಕರಲ್ಲಿ ಇವರೂ ಒಬ್ಬರು, ನಿರ್ದೇಶಕ ಅದೇ ಗ್ಯಾರಿ ಗ್ರೇ, ಇವರ ಪಾತ್ರ ಮಾಡಿದ್ದು ಇವರ ಮಗ. ಪ್ರಪಂಚದಾದ್ಯಂತ 20 ಕೋಟಿ ಡಾಲರ್ ದಾಟಿತು. 2025ರ 'ವಾರ್ ಆಫ್ ದ ವರ್ಲ್ಡ್ಸ್' ಮಾತ್ರ ವಿಮರ್ಶಕರ ಕೈಯಲ್ಲಿ ಹಣ್ಣುಗಾಯಿ ನೀರುಗಾಯಿ ಆಯಿತು.

ಈಗ ನಿಮ್ಮ ವಿಷಯ. ಇಲ್ಲಿ ದಾರಿ ಇಲ್ಲ ಅಂತೇನಿಲ್ಲ. ಚಂದನ್ ಶೆಟ್ಟಿ ಬಿಗ್ ಬಾಸ್ ಕನ್ನಡದ 5ನೇ ಸೀಸನ್ ಗೆದ್ದು ಮನೆಮನೆಗೂ ಗೊತ್ತಾದರು, ಆಮೇಲೆ ಸಿನಿಮಾದಲ್ಲಿ ನಾಯಕನೂ ಆದರು. ಅದು ಜನಪ್ರಿಯತೆಯ ದಾರಿ. ಅದು ನಮ್ಮ ಕೈಯಲ್ಲಿ ಇರಲ್ಲ. ಬರೆಯೋದು ಕೈಯಲ್ಲಿದೆ. ನಿಮ್ಮ ಏರಿಯಾದ ಒಂದು ದಿನವನ್ನು ನಾಲ್ಕು ದೃಶ್ಯ ಮಾಡಿ ಬರೆಯಿರಿ, ಗೆಳೆಯರ ಜೊತೆ ಫೋನಲ್ಲೇ ಶೂಟ್ ಮಾಡಿ. ಅದರಲ್ಲಿ ನಿಮ್ಮ ಪಾತ್ರಕ್ಕೆ ಮಾತು ಕಡಿಮೆ ಇಡಿ.

ಹಾಡು ಬರೆದುಕೊಡಿ ಅಂತ ಯಾರಾದರೂ ಕರೆದರೆ ಅಗ್ರಿಮೆಂಟ್ ಓದದೆ ಸೈನ್ ಹಾಕಬೇಡಿ. ನಮ್ಮ ಸ್ಟುಡಿಯೋಗೆ ಬರುವ ಒಬ್ಬ ಹುಡುಗ ಒಂದು ಸಿನಿಮಾಕ್ಕೆ ಇಡೀ ಹಾಡು ಬರೆದು, ಕೈಗೆ ಬಂದ ಅಡ್ವಾನ್ಸೇ ಪೂರ್ತಿ ಸಂಭಾವನೆ ಅಂತ ಆಮೇಲೆ ತಿಳಕೊಂಡ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿದೆ. ಥಿಯೇಟರಲ್ಲಿ ಸಿನಿಮಾ ಜೊತೆ ಓಡೋದು ಬಿಟ್ಟು ಬೇರೆ ಕಡೆ ಹಾಡು ಬಳಸಿದಾಗ ಬರುವ ರಾಯಲ್ಟಿಯಲ್ಲಿ ಬರೆದವನಿಗೂ ಸಮಪಾಲು ಇದೆ, ಆ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡೋಕೂ ಬರಲ್ಲ. ಅದನ್ನು ವಸೂಲಿ ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್. ಸದಸ್ಯರಾಗಿ.

ಸಿನಿಮಾಗಳನ್ನು ನೋಡೋದಾದರೆ 1991ರದ್ದು ಮೊದಲು, 1995ರದ್ದು ಆಮೇಲೆ. ಎರಡನ್ನೂ ಅಪ್ಪ ಅಮ್ಮನ ಜೊತೆ ಕೂತು ನೋಡೋಕೆ ಹೋಗಬೇಡಿ, ಬೈಗುಳ ಜಾಸ್ತಿ. ಅವರಿಗೆ 2005ರ ಮಕ್ಕಳ ಸಿನಿಮಾ 'ಆರ್ ವಿ ದೇರ್ ಯೆಟ್?' ಹಾಕಿಕೊಡಿ.