ಸಿಂಗ್ಯುಲಾರಿಟಿ ಗೇಮ್ ಈಗಲೂ ಆಡಬಹುದಾ?

ನೀವು ಕೇಳಿರುವುದು ಇಷ್ಟು: ಟೈಮ್ ಹಿಂದೆ ಮುಂದೆ ಮಾಡುವ ಶೂಟಿಂಗ್ ಗೇಮ್ ಒಂದನ್ನು ಮೊದಲ ಸಲ ಆಡಬೇಕು, ಮನೆಯಲ್ಲಿರುವುದು ಹಳೇ ಕಂಪ್ಯೂಟರ್, 'ಸಿಂಗ್ಯುಲಾರಿಟಿ' ಈಗ ಆಡುವಷ್ಟು ಚೆನ್ನಾಗಿದೆಯಾ ಅಂತ.

ಚೆನ್ನಾಗಿದೆ. ಅದರಿಂದಲೇ ಶುರು ಮಾಡಿ. 2010ರ ಆಟ ಅದು. ರಾವೆನ್ ಸಾಫ್ಟ್‌ವೇರ್ ಮಾಡಿದ್ದು, ಆಕ್ಟಿವಿಷನ್ ಬಿಡುಗಡೆ ಮಾಡಿದ್ದು. ಮುಖಗಳು, ನೆರಳುಗಳು ಹಳೇದಾಗಿ ಕಾಣುತ್ತವೆ, ನಿಜ. ಆದರೆ ನೀವು ಕೇಳುತ್ತಿರುವುದು ಟೈಮ್ ಬಗ್ಗೆ ಅಲ್ವಾ? ಆ ವಿಷಯದಲ್ಲಿ ಅದರ ಹತ್ತಿರಕ್ಕೆ ಬಂದ ಶೂಟರ್ ನಾನು ಇನ್ನೂ ಆಡಿಲ್ಲ.

ಕಥೆಯ ಶುರು ಮಾತ್ರ ಹೇಳುತ್ತೇನೆ. ಕಟೋರ್ಗಾ-12 ಅಂತ ಒಂದು ದ್ವೀಪ. ಅಲ್ಲಿ ಸೋವಿಯತ್ ವಿಜ್ಞಾನಿಗಳು ಇ-99 ಅನ್ನುವ ಧಾತುವಿನ ಮೇಲೆ ಗುಟ್ಟಾಗಿ ಪ್ರಯೋಗ ಮಾಡುತ್ತಿರುತ್ತಾರೆ. ದೊಡ್ಡ ಅನಾಹುತವಾಗಿ ದ್ವೀಪ ಪಾಳು ಬೀಳುತ್ತದೆ. 2010ರಲ್ಲಿ ನೇಟ್ ರೆಂಕೋ ಅನ್ನುವ ಅಮೆರಿಕದ ಸೈನಿಕ ಅಲ್ಲಿಗೆ ಬರುತ್ತಾನೆ. ಅದು ನೀವೇ. ಇದ್ದಕ್ಕಿದ್ದಂತೆ 1955ಕ್ಕೆ ಹೋಗಿ ಬೀಳುತ್ತೀರಿ. ಸುತ್ತ ಬೆಂಕಿ. ಒಬ್ಬ ಮನುಷ್ಯ ಕೆಳಗೆ ಬೀಳುತ್ತಿದ್ದಾನೆ. ಯಾರೇ ಆದರೂ ಕೈ ಕೊಡುತ್ತಾರೆ, ನೀವೂ ಕೊಡುತ್ತೀರಿ. ವಾಪಸ್ ಬಂದು ನೋಡಿದರೆ 2010 ಮೊದಲಿನ ಹಾಗಿಲ್ಲ. ನೀವು ಉಳಿಸಿದ ಡೆಮಿಚೆವ್ ಜಗತ್ತನ್ನೇ ತನ್ನ ಕೈಗೆ ತೆಗೆದುಕೊಂಡಿರುತ್ತಾನೆ.

ಸ್ವಲ್ಪ ಹೊತ್ತು ಆಡಿದ ಮೇಲೆ ಟಿಎಂಡಿ ಅನ್ನುವ, ವಸ್ತುಗಳ ವಯಸ್ಸನ್ನು ಹಿಂದೆ ಮುಂದೆ ಮಾಡುವ ಯಂತ್ರ ಸಿಗುತ್ತದೆ. ಎಡಗೈಗೆ ಕಟ್ಟಿಕೊಳ್ಳುವಂಥದ್ದು. ಅಲ್ಲಿಯವರೆಗೆ ಇದು ಸುಮಾರಾದ ಶೂಟರ್, ಬೇಜಾರಾಗಿ ಬಿಡಬೇಡಿ. ಯಂತ್ರ ಸಿಕ್ಕ ಮೇಲೆ ಮುರಿದು ಬಿದ್ದ ಮೆಟ್ಟಿಲ ಮುಂದೆ ನಿಂತು ಕೈ ಚಾಚಿದರೆ, ತುಕ್ಕು ಹಿಡಿದ ಚೂರುಗಳೆಲ್ಲ ಎದ್ದು ಬಂದು ಜೋಡಿಕೊಳ್ಳುತ್ತವೆ. ಮೇಲೆ ಹತ್ತಿ ಹೋಗಬಹುದು. ಮೊದಲ ಸಲ ನೋಡಿದಾಗ ಪಕ್ಕದಲ್ಲಿ ಕೂತಿದ್ದ ನನ್ನ ಅಣ್ಣನ ಮಗ, "ಚಿಕ್ಕಪ್ಪ, ಇನ್ನೊಂದ್ಸಲ ಮಾಡಿ" ಅಂದ. ಅವನಿಗೆ ಗನ್ ಬೇಕಿರಲಿಲ್ಲ, ಮೆಟ್ಟಿಲು ಬೇಕಿತ್ತು.

ಒಂದು ಕಡೆ ಷಟರ್ ಪೂರ್ತಿ ಮುಚ್ಚಿರುವುದಿಲ್ಲ, ಕೆಳಗೆ ಸಣ್ಣ ಸಂದು ಇರುತ್ತದೆ. ಹತ್ತಿರದಲ್ಲೊಂದು ಪೆಟ್ಟಿಗೆ. ಪೆಟ್ಟಿಗೆಗೆ ವಯಸ್ಸಾಗುವಂತೆ ಮಾಡಿದರೆ ಅದು ನಜ್ಜುಗುಜ್ಜಾಗಿ ಚಪ್ಪಟೆಯಾಗುತ್ತದೆ. ಆ ಸಂದಿಯೊಳಗಿಟ್ಟು ಮತ್ತೆ ಹೊಸದು ಮಾಡಿ. ಷಟರನ್ನೂ ಎತ್ತಿಕೊಂಡೇ ಪೆಟ್ಟಿಗೆ ಮೇಲೇಳುತ್ತದೆ, ಜಾಕ್ ಕೊಟ್ಟು ಲಾರಿ ಎತ್ತಿದ ಹಾಗೆ. ಇಲ್ಲಿ ಟೈಮ್ ಅನ್ನುವುದು ಗಡಿಯಾರದಲ್ಲಿ ಓಡುವ ಮುಳ್ಳಲ್ಲ. ಕಬ್ಬಿಣದಲ್ಲಿ, ಮರದಲ್ಲಿ ಕೂತಿರುವ ವಯಸ್ಸು. ಅದನ್ನು ಹಾಕಬಹುದು, ತೆಗೆಯಬಹುದು. ಈ ಆಟವನ್ನು ನಾನು ಇಷ್ಟು ಹಚ್ಚಿಕೊಂಡಿರುವುದೇ ಅದಕ್ಕೆ.

ನಮ್ಮೂರು ಮಂಡ್ಯದ ಹತ್ತಿರ. ತಾತನ ಆಲೆಮನೆ ನಿಂತು ಎಷ್ಟೋ ವರ್ಷವಾಯಿತು. ಗಾಣಕ್ಕೆ ತುಕ್ಕು ಹಿಡಿದಿದೆ, ಕೊಪ್ಪರಿಗೆಯ ತಳ ತೂತಾಗಿದೆ, ಮೇಲಿನ ಸೋಗೆ ಉದುರಿಹೋಗಿದೆ. ಈ ಆಟ ಮುಗಿಸಿ ಹಬ್ಬಕ್ಕೆ ಊರಿಗೆ ಹೋದಾಗ ಆ ಕೊಪ್ಪರಿಗೆ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಎಡಗೈ ಚಾಚಿದರೆ ತೂತು ಮುಚ್ಚಿಕೊಂಡು, ಒಲೆ ಹೊತ್ತಿಕೊಂಡು, ಕಬ್ಬಿನ ಹಾಲು ಉಕ್ಕುವುದನ್ನು ನೋಡುತ್ತಾ ತಾತ ಕೂತಿರುತ್ತಾರೇನೋ ಅನ್ನಿಸಿತು. ಅದಕ್ಕೆ ಮೊದಲು ಅದು ನನ್ನ ಕಣ್ಣಿಗೆ ಗುಜರಿ ಸಾಮಾನಾಗಿತ್ತು.

ನೀರಿನಲ್ಲಿ ಮುಳುಗಿ ಕೊಳೆತ ಹಡಗೊಂದನ್ನು ಮೇಲೆತ್ತುವ ಭಾಗ ಬರುತ್ತದೆ. ಹೊಸದಾಗಿ ಹೊಳೆಯುತ್ತಾ ಏಳುತ್ತದೆ. ನೀವು ಒಳಗೆ ಹೋಗುತ್ತೀರಿ. ಆದರೆ ಆ ಹೊಸತನ ನಿಲ್ಲುವುದಿಲ್ಲ. ನೀವು ಒಳಗಿರುವಾಗಲೇ ಗೋಡೆಗಳಿಗೆ ತುಕ್ಕು ಹತ್ತುತ್ತದೆ, ಹಡಗು ಕುಸಿಯುತ್ತದೆ. ಆ ಭಾಗವನ್ನು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆಡಿ.

ಶತ್ರುಗಳ ಮೇಲೂ ಯಂತ್ರ ಕೆಲಸ ಮಾಡುತ್ತದೆ. ಸೈನಿಕ ಕಣ್ಣೆದುರೇ ಮುದುಕನಾಗಿ ಪುಡಿಯಾಗುತ್ತಾನೆ. ಚಿಕ್ಕ ಮಕ್ಕಳನ್ನು ಆಗ ಹತ್ತಿರ ಕೂರಿಸಿಕೊಳ್ಳಬೇಡಿ, ನಾನೂ ಅಣ್ಣನ ಮಗನನ್ನು ಎಬ್ಬಿಸಿ ಕಳಿಸಿದೆ.

ಕೊರತೆ ಒಂದಿದೆ. ಕಂಡ ವಸ್ತುವಿನ ಮೇಲೆಲ್ಲ ಯಂತ್ರ ನಡೆಯುವುದಿಲ್ಲ, ಆಟ ಮಾಡಿದವರು ಆರಿಸಿಟ್ಟ ವಸ್ತುಗಳ ಮೇಲೆ ಮಾತ್ರ. ಎಲ್ಲದರ ಮೇಲೂ ನಡೆಯಬಾರದಿತ್ತಾ ಅಂತ ನನಗೆ ಈಗಲೂ ಆಸೆ.

ಬೇರೆಯವು ಕೆಟ್ಟದ್ದು ಅಂತಲ್ಲ. 2007ರ 'ಟೈಮ್‌ಶಿಫ್ಟ್'ನಲ್ಲಿ ಟೈಮನ್ನು ನಿಧಾನ ಮಾಡಬಹುದು, ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು. ಆದರೆ ಅದು ಜಾಸ್ತಿ ಗುಂಡಿನ ಕಾಳಗಕ್ಕೇ ಬಳಕೆಯಾಗುತ್ತದೆ. 2016ರ 'ಸೂಪರ್‌ಹಾಟ್'ನಲ್ಲಿ ನೀವು ಕದಲಿದರೆ ಮಾತ್ರ ಟೈಮ್ ಸರಿಯಾಗಿ ಓಡುತ್ತದೆ. ಅದು ಚೆಸ್ ಆಡಿದ ಹಾಗೆ, ತುಂಬಾ ಚೆನ್ನಾಗಿದೆ, ಎರಡನೆಯದಾಗಿ ಆಡಿ. ಅದೇ ವರ್ಷದ 'ಟೈಟನ್‌ಫಾಲ್ 2'ರಲ್ಲಿ ಒಂದೇ ಕಟ್ಟಡದ ಹಿಂದಿನ ದಿನಕ್ಕೂ ಈಗಿನ ದಿನಕ್ಕೂ ಒಂದು ಬಟನ್‌ನಲ್ಲಿ ಜಿಗಿಯುವ ಭಾಗವಿದೆ. ಅದ್ಭುತ, ಆದರೆ ಒಂದೇ ಭಾಗ. ನಿಮ್ಮ ಹಳೇ ಕಂಪ್ಯೂಟರ್‌ಗೆ ಅದು ಭಾರವೂ ಆಗಬಹುದು.

'ಸಿಂಗ್ಯುಲಾರಿಟಿ' ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಿಗುತ್ತದೆ. ನನಗೆ ಮುಗಿಸಲು ಎಂಟು ಗಂಟೆ ಹಿಡಿಯಿತು. ಓಡಿಕೊಂಡು ಹೋಗಬೇಡಿ. ಅಲ್ಲಲ್ಲಿ ಟೇಪ್ ರೆಕಾರ್ಡರ್‌ಗಳಿವೆ, ನಿಂತು ಕೇಳಿ. ಗೋಡೆಯ ಮೇಲೆ ಯಾರೋ ಬರೆದಿಟ್ಟ ಮಾತುಗಳಿವೆ, ಅವನ್ನು ತಪ್ಪದೇ ಓದಿ. ಯಾರು ಬರೆದರು ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಕೊನೆಯಲ್ಲಿ ಮೂರು ದಾರಿಗಳಿವೆ, ಯಾವುದು ಅಂತ ನೀವೇ ಆರಿಸಬೇಕು. ಆರಿಸಿದ ಮೇಲೆ ತೆರೆಯ ಮೇಲೆ ಹೆಸರುಗಳು ಓಡುತ್ತವೆ. ಅವು ಮುಗಿಯುವವರೆಗೆ ಎದ್ದು ಹೋಗಬೇಡಿ, ಆಮೇಲೂ ಒಂದು ದೃಶ್ಯ ಇದೆ.